ಬತ್ತಿ ಲೈಟರಿನ ಇಂಧನ ಬೇಗ ಆರದಂತೆ ನೋಡಿಕೊಂಡ ಬಗೆ

ರಾಯಚೂರು ಜಿಲ್ಲೆಯ ಹೊಲಗಳಲ್ಲಿ ಕೊಳವೆಬಾವಿಯ ಮೋಟಾರುಗಳನ್ನು ಮೇಲೆತ್ತಿ ದುರಸ್ತಿ ಮಾಡುವುದು ನನ್ನ ಕೆಲಸ. ಮೋಟಾರನ್ನು ಮತ್ತೆ ಬಾವಿಗೆ ಇಳಿಸುವ ಮುನ್ನ ಕೇಬಲ್ ಜಾಯಿಂಟಿನ ಮೇಲೆ ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿ, ಅದು ಕುಗ್ಗಿ ತಂತಿಗೆ ಬಿಗಿಯಾಗಿ ಅಂಟಿಕೊಳ್ಳುವ ತನಕ ಕಾಯಿಸಬೇಕಾಗುತ್ತದೆ. ಹೊಲದಲ್ಲಿ ಕರೆಂಟು ಇರುವುದು ದಿನದಲ್ಲಿ ಕೆಲವೇ ತಾಸು, ಆದ್ದರಿಂದ ಹೀಟ್ ಗನ್ ನೆಚ್ಚಿಕೊಳ್ಳುವಂತಿಲ್ಲ. ಬೀಡಿ ಅಂಗಡಿಯಲ್ಲಿ ಸಿಗುವ ಗ್ಯಾಸ್ ಲೈಟರು ಬಯಲು ಗಾಳಿಗೆ ನಿಲ್ಲುವುದಿಲ್ಲ. ಅದರ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿಯೇ ಹಿಡಿದಿರಬೇಕಾದ್ದರಿಂದ ಇನ್ನೊಂದೇ ಕೈಯಲ್ಲಿ ಕೇಬಲ್ ತಿರುಗಿಸುವುದೂ ಕಷ್ಟ. ಬತ್ತಿ ಇರುವ, ಇಂಧನ ತುಂಬಿಸಿಕೊಳ್ಳುವ ಜಿಪ್ಪೋ ಮಾದರಿಯ ಲೈಟರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಒಮ್ಮೆ ಹೊತ್ತಿಸಿದರೆ ಮುಚ್ಚಳ ಮುಚ್ಚುವವರೆಗೆ ಉರಿಯುತ್ತದೆ, ರಂಧ್ರಗಳುಳ್ಳ ಚಿಮಣಿಯ ಮರೆಯಲ್ಲಿ ಗಾಳಿಯನ್ನೂ ತಡೆದುಕೊಳ್ಳುತ್ತದೆ. ಅದಕ್ಕಿರುವ ದೊಡ್ಡ ಕೊರತೆ ಒಂದೇ: ಒಂದು ಸಲವೂ ಹೊತ್ತಿಸದೆ ಜೇಬಿನಲ್ಲಿಟ್ಟುಕೊಂಡರೂ ವಾರದೊಳಗೆ ಒಣಗಿಹೋಗುತ್ತದೆ. ಬೇಸಿಗೆಯಲ್ಲಿ ಅಷ್ಟು ದಿನವೂ ಬರುವುದಿಲ್ಲ. ಈ ಕೊರತೆಯನ್ನು ನಾನು ಬಹಳ ಮಟ್ಟಿಗೆ ನೀಗಿಸಿಕೊಂಡಿರುವುದರಿಂದ, ಇದೇ ತೊಂದರೆ ಇರುವವರಿಗೆ ಉಪಯೋಗವಾಗಲೆಂದು ಆ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗ ಒಮ್ಮೆ, "ಸೀಮಿಎಣ್ಣಿ ಹಾಕಿದ್ರ ಇಷ್ಟು ಲಗೂನ ಆರಂಗಿಲ್ಲಲ್ರೀ ಸರ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಲೈಟರಿಗೆ ಹಾಕುವ ದ್ರವವು ನ್ಯಾಫ್ತಾ ಎಂಬ, ಪೆಟ್ರೋಲಿಯಮ್ಮಿನಿಂದ ಬೇರ್ಪಡಿಸಿದ ಬಹಳ ಹಗುರವಾದ ಎಣ್ಣೆ. ಸಾಮಾನ್ಯ ಉಷ್ಣತೆಯಲ್ಲೇ ಅದು ಆವಿಯಾಗುತ್ತಿರುತ್ತದೆ, ಕಲ್ಲಿನ ಕಿಡಿ ತಗಲಿದಾಗ ಹೊತ್ತಿಕೊಳ್ಳುವುದು ಬತ್ತಿಯ ಸುತ್ತ ನೆರೆದ ಆ ಆವಿಯೇ. ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವಷ್ಟಾಗಬೇಕಾದರೆ ಎಣ್ಣೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಬಿಸಿಯಾಗಿರಬೇಕು. ಆದ್ದರಿಂದ ಅದನ್ನು ಹಾಕಿದ ಲೈಟರು ಬೇಗ ಒಣಗುವುದಿಲ್ಲ, ಹೊತ್ತುವುದೂ ಇಲ್ಲ. ಬೇಗ ಆವಿಯಾಗುವ ಗುಣದಿಂದಲೇ ಈ ಲೈಟರು ಕೆಲಸ ಮಾಡುವುದರಿಂದ ದ್ರವವನ್ನು ಬದಲಾಯಿಸಿ ಪ್ರಯೋಜನವಿಲ್ಲ. ಆವಿ ಹೊರಗೆ ಹೋಗುವ ದಾರಿಗಳನ್ನು ಹುಡುಕಿ ಮುಚ್ಚಬೇಕು. ಹಿಂದಿನವರು ಗಾಡಿಯ ಪೆಟ್ರೋಲನ್ನೇ ಹಾಕಿಕೊಳ್ಳುತ್ತಿದ್ದುದುಂಟು. ಅದರಲ್ಲಿ ಬೆಂಜೀನ್‌ನಂಥ ವಿಷಕಾರಿ ಅಂಶಗಳಿವೆ, ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಕೂಡ ಇರುತ್ತದೆ. ಜೇಬಿನಲ್ಲಿ, ಮೈಗೆ ತಗಲಿಕೊಂಡಿರುವ ವಸ್ತುವಿನೊಳಗೆ ಅದನ್ನು ತುಂಬಬಾರದೆಂದೇ ನನ್ನ ಖಚಿತ ಅಭಿಪ್ರಾಯ.

ಆವಿಯ ದಾರಿ ತಿಳಿಯಬೇಕಾದರೆ ಲೈಟರಿನ ಒಳರಚನೆ ತಿಳಿದಿರಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಿನಲ್ಲಿ ಜಾರ್ಜ್ ಬ್ಲೈಸ್‌ಡೆಲ್ ಎಂಬುವರು 1932ರಲ್ಲಿ ಶುರುಮಾಡಿದ ಈ ಮಾದರಿಯು ಇಂದಿಗೂ ಮೂಲದಲ್ಲಿ ಹಾಗೆಯೇ ಇದೆ. ಹೊರಗೆ ಕೀಲಿನ ಮುಚ್ಚಳವಿರುವ ಲೋಹದ ಕವಚ, ಅದರೊಳಗೆ ಎಳೆದರೆ ಹೊರಬರುವ ಇನ್ನೊಂದು ಪುಟ್ಟ ಪೆಟ್ಟಿಗೆ. ಈ ಒಳಪೆಟ್ಟಿಗೆಯ ಮೇಲ್ಭಾಗದಲ್ಲಿ ಚಿಮಣಿ, ಹಲ್ಲಿನ ಚಕ್ರ ಮತ್ತು ಬತ್ತಿ ಇವೆ. ಕೆಳಭಾಗ ತೆರೆದಿರುತ್ತದೆ, ಅಲ್ಲಿ ಒಂದು ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ತುಂಡು ಮಾತ್ರ ಹೊದಿಕೆಯಾಗಿರುತ್ತದೆ. ಫೆಲ್ಟಿನ ಅಂಚನ್ನು ಎತ್ತಿದರೆ ಹತ್ತಿಯಂಥ ಉಂಡೆಗಳೂ, ಅವುಗಳ ನಡುವೆ ಹಾವಿನಂತೆ ಸುತ್ತಿಕೊಂಡು ಬಂದ ಬತ್ತಿಯೂ ಕಾಣುತ್ತವೆ. ಮಧ್ಯದಲ್ಲಿ ಕಲ್ಲು ಮತ್ತು ಸ್ಪ್ರಿಂಗ್ ಇರುವ ಕೊಳವೆ, ಅದರ ಬಾಯಿಗೆ ಒಂದು ಹಿತ್ತಾಳೆಯ ಸ್ಕ್ರೂ. ಇಷ್ಟು ನೋಡಿದರೆ ಸೋರುವ ಜಾಗಗಳು ತಾವಾಗಿಯೇ ತಿಳಿಯುತ್ತವೆ. ಮೇಲೆ ಬತ್ತಿಯಿಂದ ಏಳುವ ಆವಿ ಮುಚ್ಚಳ ಮತ್ತು ಕವಚ ಕೂಡುವ ಸಂದಿಯಿಂದ ಹೊರಹೋಗುತ್ತದೆ. ಕೆಳಗೆ ಫೆಲ್ಟಿನ ಮೂಲಕ ಬರುವ ಆವಿಯು ಒಳಪೆಟ್ಟಿಗೆ ಮತ್ತು ಕವಚದ ನಡುವಿನ ಸಣ್ಣ ಸಂದಿನಲ್ಲಿ ಏರಿ ಅದೇ ಜಾಗಕ್ಕೆ ಬಂದು ಸೇರುತ್ತದೆ. ಮುಚ್ಚಳ 'ಟಕ್' ಎಂದು ಕೂತರೂ ಅದು ಲೋಹಕ್ಕೆ ಲೋಹ ತಗಲಿದ ಸದ್ದು ಮಾತ್ರ. ಅಲ್ಲಿ ವಾಷರ್ ಇಲ್ಲ, ಸೀಲ್ ಇಲ್ಲ.

ಪಂಪಿನ ಕೆಲಸ ಮಾಡುವವರಿಗೆ ಸೋರುವುದನ್ನು ನಿಲ್ಲಿಸುವುದು ದಿನನಿತ್ಯದ ಮಾತು. ಮೊದಲು ನಾನು ಕೆಳಗಿನ ದಾರಿಯನ್ನು ಮುಚ್ಚಿದೆ. ಪೈಪಿನ ಮರೆಗೆ, ಅಂದರೆ ತಿರುಪಿನ ಗೆರೆಗಳಿಗೆ, ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಒಳಪೆಟ್ಟಿಗೆಯ ಮೇಲಿನ ಅಂಚಿಗಿಂತ ಸ್ವಲ್ಪ ಕೆಳಗೆ, ಎಲ್ಲಿಯೂ ಮಡಿಕೆ ಬೀಳದಂತೆ ಎಳೆದು ಒಂದು ಸುತ್ತು ಸುತ್ತಿದೆ. ಟೆಫ್ಲಾನ್ ನ್ಯಾಫ್ತಾಗೆ ಕರಗುವುದಿಲ್ಲ, ಉಬ್ಬುವುದೂ ಇಲ್ಲ, ಹಾಗಾಗಿ ಈ ಜಾಗಕ್ಕೆ ಅದಕ್ಕಿಂತ ಸೂಕ್ತವಾದ ವಸ್ತು ನನಗೆ ಕಂಡಿಲ್ಲ. ಒಂದು ಸುತ್ತಿಗೆ ಒಳಪೆಟ್ಟಿಗೆ ಇನ್ನೂ ಸಡಿಲವಾಗಿ ಜಾರುತ್ತಿದ್ದರೆ ಇನ್ನೊಂದು ಸುತ್ತು ಹಾಕಬಹುದು. ಒತ್ತಿ ತುರುಕಬೇಕಾದಷ್ಟು ದಪ್ಪ ಮಾಡಿದರೆ ಕವಚದ ಬಾಯಿ ಅಗಲವಾಗಿ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಟೇಪು ಪೂರ್ತಿಯಾಗಿ ಕವಚದ ಒಳಗೇ ಇರಬೇಕು, ಅದರ ಒಂದು ಎಳೆಯೂ ಚಿಮಣಿಯ ಕಡೆಗೆ ಚಾಚಬಾರದು. ಉರಿಗೆ ಸಿಕ್ಕಿದ ಟೆಫ್ಲಾನಿನ ಹೊಗೆ ಒಳ್ಳೆಯದಲ್ಲ.

ಮೇಲಿನ ಸಂದಿಗೆ ಸೈಕಲ್ ಟ್ಯೂಬ್ ಬಳಸಿದೆ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡುವ ಹಳೆಯ ಟ್ಯೂಬಿನಿಂದ ಬಳೆಯಾಕಾರದ, ಬೆರಳಿನಷ್ಟು ಅಗಲದ ತುಂಡೊಂದನ್ನು ಕತ್ತರಿಸಿ, ಮುಚ್ಚಿದ ಲೈಟರಿನ ಹೊರಗೆ, ಮುಚ್ಚಳ ಮತ್ತು ಕವಚದ ಗೆರೆ ಸರಿಯಾಗಿ ಮಧ್ಯಕ್ಕೆ ಬರುವಂತೆ ತೊಡಿಸಿದೆ. ಟ್ಯೂಬು ಕವಚಕ್ಕಿಂತ ಚಿಕ್ಕದಿದ್ದು, ಎಳೆದು ಹಾಕಿದಾಗ ನಾಲ್ಕೂ ಮೂಲೆಗಳಲ್ಲಿ ಬಿಗಿಯಾಗಿ ಕೂರಬೇಕು. ಕೀಲಿನ ಬದಿಯಲ್ಲಿ ಸ್ವಲ್ಪ ಉಬ್ಬು ಇರುವುದರಿಂದ ಅಲ್ಲಿ ರಬ್ಬರು ಎದ್ದು ನಿಲ್ಲುತ್ತದೆಯೇ ಎಂದು ಉಗುರಿನಿಂದ ಒತ್ತಿ ನೋಡಬೇಕು. ಎದ್ದಿದ್ದರೆ ಇನ್ನಷ್ಟು ಅಗಲದ ತುಂಡು ಬೇಕಾಗುತ್ತದೆ. ಲೈಟರು ಬೇಕಾದಾಗ ಆ ಪಟ್ಟಿಯನ್ನು ಕೆಳಕ್ಕೆ ಸರಿಸಿ ಮುಚ್ಚಳ ತೆರೆಯುತ್ತೇನೆ, ಕೆಲಸ ಮುಗಿದು ಲೋಹ ತಣ್ಣಗಾದ ಮೇಲೆ ಮತ್ತೆ ಮೇಲಕ್ಕೆ ತರುತ್ತೇನೆ. ಟ್ಯೂಬಿನ ರಬ್ಬರು ಪೆಟ್ರೋಲಿಯಂ ದ್ರವ ತಗಲಿದರೆ ಉಬ್ಬಿ ಮೆತ್ತಗಾಗುವ ಜಾತಿಯದು. ಹೊರಗಿನ ಪಟ್ಟಿಗೆ ತಗಲುವುದು ಆವಿ ಮಾತ್ರವಾದ್ದರಿಂದ ಅದು ಬಹುಕಾಲ ಬರುತ್ತದೆ, ಸಡಿಲವಾದಾಗ ಬದಲಾಯಿಸಿದರಾಯಿತು. ಮುಚ್ಚಳದ ಒಳಗೇ ರಬ್ಬರು ಕೂರಿಸಲು ಹೊರಡುವವರು ಮಾತ್ರ ಈ ಟ್ಯೂಬನ್ನು ಬಳಸದೆ, ಇಂಥ ದ್ರವವನ್ನು ತಡೆದುಕೊಳ್ಳುವ ನೈಟ್ರೈಲ್ ರಬ್ಬರನ್ನೇ ಕೇಳಿ ತರಬೇಕು. ನನಗೆ ಒಳಗಿನ ರಬ್ಬರು ಹಿಡಿಸಲಿಲ್ಲ, ಏಕೆಂದರೆ ಚಿಮಣಿಯ ಶಾಖಕ್ಕೆ ಅದು ತೀರಾ ಹತ್ತಿರವಾಗುತ್ತದೆ.

ಇದರಿಂದ ನಿಜವಾಗಿಯೂ ಎಷ್ಟು ಉಳಿತಾಯವಾಗುತ್ತದೆ ಎಂಬುದನ್ನು ತೂಗಿ ನೋಡಬಹುದು. ಲೈಟರಿಗೆ ಹಿಡಿಯುವ ಇಂಧನ ಸುಮಾರು ಒಂದು ಟೀ ಚಮಚದಷ್ಟು, ಅಂದರೆ ಮೂರೂವರೆ ಗ್ರಾಂ ಆಸುಪಾಸು. ಅಡುಗೆಮನೆಯ ತಕ್ಕಡಿಗೆ ಈ ತೂಕ ಸರಿಯಾಗಿ ಗೊತ್ತಾಗುವುದಿಲ್ಲ. ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ, ಬಂಗಾರ ತೂಗುವ ಬಗೆಯ ಸಣ್ಣ ತಕ್ಕಡಿಯಲ್ಲಿ, ತುಂಬಿಸಿದ ಲೈಟರನ್ನು ಹೊತ್ತಿಸದೆ ಒಂದೇ ಕಪಾಟಿನಲ್ಲಿಟ್ಟು, ಪ್ರತಿದಿನ ಒಂದೇ ಹೊತ್ತಿಗೆ ತೂಗಿ ಬರೆದುಕೊಂಡೆ. ಟೆಫ್ಲಾನ್, ಟ್ಯೂಬ್ ಎರಡೂ ಇಲ್ಲದಿದ್ದಾಗ ತೂಕವು ದಿನದಿನವೂ ಎದ್ದು ಕಾಣುವಂತೆ ಇಳಿಯಿತು. ಟೆಫ್ಲಾನ್ ಮಾತ್ರ ಇದ್ದಾಗ ಇಳಿತ ಸ್ವಲ್ಪ ನಿಧಾನವಾಯಿತು. ಟೆಫ್ಲಾನ್ ಮತ್ತು ಟ್ಯೂಬ್ ಎರಡೂ ಇದ್ದಾಗ ಎರಡು ವಾರ ಕಳೆದ ಮೇಲೂ ಲೈಟರು ಮೊದಲ ತಿರುವಿಗೇ ಹೊತ್ತಿಕೊಂಡಿತು. ಎರಡರಲ್ಲಿ ಒಂದನ್ನೇ ಮಾಡುವುದಾದರೆ ಟ್ಯೂಬಿನದನ್ನೇ ಮಾಡಬೇಕೆಂದು ನಾನು ಹೇಳುವುದು ಈ ತೂಕದ ಆಧಾರದ ಮೇಲೆ.

ನಮ್ಮ ಕಡೆಯ ಬಿಸಿಲಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಮಾಮೂಲು. ಬೈಕಿನ ಟೂಲ್ ಬಾಕ್ಸ್ ಅಥವಾ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಶಾಖ ಏರಿದಂತೆ ನ್ಯಾಫ್ತಾ ಹೆಚ್ಚು ಆವಿಯಾಗುವುದಷ್ಟೇ ಅಲ್ಲದೆ, ಲೈಟರಿನೊಳಗಿನ ಗಾಳಿ ಮತ್ತು ಆವಿ ಹಿಗ್ಗಿ ಸಂದಿಗಳಿಂದ ಹೊರಕ್ಕೆ ನುಗ್ಗುತ್ತವೆ. ರಾತ್ರಿ ತಣ್ಣಗಾದಾಗ ಹೊರಗಿನ ಬರಿಯ ಗಾಳಿ ಒಳಕ್ಕೆ ಬರುತ್ತದೆ, ಅದು ಮರುದಿನ ಮತ್ತೆ ಆವಿಯನ್ನು ಹೊತ್ತುಕೊಂಡು ಹೊರಹೋಗುತ್ತದೆ. ಹೀಗೆ ದಿನಕ್ಕೊಮ್ಮೆ ಉಸಿರಾಡುವ ಲೈಟರಿಗೆ ಎಂಥ ಪಟ್ಟಿ ಹಾಕಿದರೂ ಪೂರ್ತಿ ಫಲ ಸಿಗುವುದಿಲ್ಲ. ಆದ್ದರಿಂದ ನಾನು ಲೈಟರನ್ನು ಪ್ಯಾಂಟಿನ ಜೇಬಿನಿಂದ ತೆಗೆದು, ಕೈಚೀಲದ ಒಳ ಅರೆಯಲ್ಲಿ, ನೀರಿನ ಬಾಟಲಿಯ ಪಕ್ಕದಲ್ಲಿ, ಬತ್ತಿ ಮೇಲೆ ಬರುವಂತೆ ನೆಟ್ಟಗೆ ಇಡುತ್ತೇನೆ. ಹೊಲಕ್ಕೆ ಹೋದ ಕೂಡಲೇ ಚೀಲವನ್ನು ಬೇವಿನ ಮರದ ನೆರಳಿಗೋ ಪಂಪ್‌ಹೌಸಿನ ಒಳಕ್ಕೋ ಸೇರಿಸುತ್ತೇನೆ. ಖರ್ಚಿಲ್ಲದ ಈ ಒಂದು ಅಭ್ಯಾಸ ಬೇಸಿಗೆಯಲ್ಲಿ ಟೆಫ್ಲಾನಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ತುಂಬಿಸುವ ಕ್ರಮದಲ್ಲಿಯೂ ಉಳಿತಾಯವಿದೆ. ಒಳಪೆಟ್ಟಿಗೆಯನ್ನು ತಲೆಕೆಳಗು ಹಿಡಿದು, ಫೆಲ್ಟ್ ಎತ್ತಿ, ಡಬ್ಬಿಯ ಮೂತಿಯಿಂದ ತೊಟ್ಟು ತೊಟ್ಟಾಗಿ, ನಡುನಡುವೆ ನಿಲ್ಲಿಸಿ ಹತ್ತಿ ಹೀರಿಕೊಳ್ಳಲು ಬಿಟ್ಟು ಹಾಕಬೇಕು. ಮೇಲಿನ ಪದರದ ಹತ್ತಿ ಒದ್ದೆಯಾಗಿ ಹೊಳೆಯತೊಡಗಿದ ಕೂಡಲೇ ನಿಲ್ಲಿಸುವುದು ಸರಿಯಾದ ಹದ. ಅದಕ್ಕಿಂತ ಹೆಚ್ಚು ಹಾಕಿದ್ದು ಹತ್ತಿಯಲ್ಲಿ ನಿಲ್ಲದೆ ಕವಚದೊಳಗೆ ಇಳಿದು ಬಟ್ಟೆಗೆ ಸೋರುತ್ತದೆ, ತೊಡೆಯ ಚರ್ಮ ಕೆಂಪಾಗಿ ಉರಿಯುತ್ತದೆ. ತುಂಬಿಸಿದ ಮೇಲೆ ಲೈಟರನ್ನೂ ಕೈಯನ್ನೂ ಚೆನ್ನಾಗಿ ಒರೆಸಿ, ಕೆಲವು ನಿಮಿಷ ಗಾಳಿಗೆ ಬಿಟ್ಟು, ಕೈ ಪೂರ್ತಿ ಒಣಗಿದ ನಂತರವೇ ಹೊತ್ತಿಸಬೇಕು. ನ್ಯಾಫ್ತಾದ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲಿ ಹರಿದು ಹೋಗುವುದರಿಂದ, ಒಲೆಯೋ ದೇವರ ದೀಪವೋ ಉರಿಯುತ್ತಿರುವ ಕೋಣೆಯಲ್ಲಿ ಈ ಕೆಲಸವನ್ನು ಯಾರೂ ಮಾಡಬಾರದು. ನಾನು ಅಂಗಳದಲ್ಲಿ ಕೂತು ಮಾಡುತ್ತೇನೆ.

ಬಹುಕಾಲ ಬಳಸಿದ ಲೈಟರಿನ ಹತ್ತಿ ಒತ್ತಿಕೊಂಡು ಗಟ್ಟಿಯಾಗಿ, ಹಿಡಿಯುವ ಇಂಧನವೇ ಕಡಿಮೆಯಾಗಿರುತ್ತದೆ. ಬೇಗ ಆರಿತೆಂದು ತೋರುವುದಕ್ಕೆ ಇದೂ ಕಾರಣವಾಗಿರಬಹುದು. ಆಗ ಚಿಮಟಿಯಿಂದ ಹಳೆಯದನ್ನು ತೆಗೆದು, ಔಷಧಿ ಅಂಗಡಿಯ ಸರ್ಜಿಕಲ್ ಹತ್ತಿಯನ್ನು ಸಡಿಲವಾದ ಸಣ್ಣ ಉಂಡೆಗಳನ್ನಾಗಿ ಮಾಡಿ, ಬತ್ತಿಯನ್ನು ಅವುಗಳ ನಡುವೆ ಆಚೀಚೆ ಮಡಿಸುತ್ತ ತುಂಬಬೇಕು. ದೀಪದ ಬತ್ತಿ ಹೊಸೆಯಲು ಇಟ್ಟುಕೊಂಡ ಹಸಿ ಹತ್ತಿಯಲ್ಲಿ ಸಹಜವಾದ ಮೇಣದ ಅಂಶ ಉಳಿದಿರುತ್ತದೆ. ಆ ಮೇಣ ತೆಗೆದ ಸರ್ಜಿಕಲ್ ಹತ್ತಿಯನ್ನೇ ಬಳಸುವುದು ಒಳ್ಳೆಯದು. ಬತ್ತಿಯ ತುದಿ ಚಿಮಣಿಯ ಮೇಲಂಚಿಗೆ ಸಮವಾಗಿರಲಿ. ಅದಕ್ಕಿಂತ ಉದ್ದವಿದ್ದರೆ ಉರಿ ದೊಡ್ಡದಾಗಿ ಇಂಧನ ಬೇಗ ತೀರುತ್ತದೆ, ಸ್ಲೀವಿಗೆ ಮಸಿಯೂ ಹಿಡಿಯುತ್ತದೆ.

ಕೆಲಸವಿಲ್ಲದ ಮಳೆಗಾಲದ ವಾರಗಳಲ್ಲಿ ಲೈಟರನ್ನು ತುಂಬಿಸಿಯೇ ಇಡುವುದಿಲ್ಲ. ಇಂಧನವನ್ನು ಅದರ ತಗಡಿನ ಡಬ್ಬಿಯಲ್ಲೇ, ಮೂತಿ ಒತ್ತಿ ಮುಚ್ಚಿ, ಮಕ್ಕಳ ಕೈಗೆ ಸಿಗದ ತಂಪಾದ ಜಾಗದಲ್ಲಿಟ್ಟು, ಕರೆ ಬಂದ ದಿನ ಬೆಳಿಗ್ಗೆ ತುಂಬಿಸಿಕೊಳ್ಳುತ್ತೇನೆ. ದೂರದ ಊರಿಗೆ ಹೊರಟಾಗ ರಬ್ಬರ್ ಓ-ರಿಂಗ್ ಇರುವ, ತಿರುಪಿ ಮುಚ್ಚುವ ಪುಟ್ಟ ಲೋಹದ ಕೊಳವೆಯಲ್ಲಿ ಒಂದು ಸಲದಷ್ಟು ಇಂಧನವನ್ನು ಒಯ್ಯುತ್ತೇನೆ. ತೆಳು ಪ್ಲಾಸ್ಟಿಕ್ಕಿನ ಶೀಷೆ ಇದಕ್ಕೆ ಆಗದು, ಅದರ ಗೋಡೆಯ ಮೂಲಕವೇ ಆವಿ ನಿಧಾನವಾಗಿ ಹೊರಹೋಗುತ್ತದೆ. ವಿಮಾನದಲ್ಲಿ ಹೋಗುವವರು ಲೈಟರನ್ನೂ ಇಂಧನವನ್ನೂ ಮನೆಯಲ್ಲೇ ಬಿಟ್ಟು ಹೋಗುವುದು ಕ್ಷೇಮ. ತಿಂಗಳುಗಟ್ಟಲೆ ಎತ್ತಿಡುವುದಿದ್ದರೆ ಸ್ಕ್ರೂ ಬಿಚ್ಚಿ ಕಲ್ಲನ್ನೂ ಹೊರತೆಗೆಯಬೇಕು. ಅದು ಸೀರಿಯಮ್ ಮತ್ತು ಕಬ್ಬಿಣ ಬೆರೆತ ಮಿಶ್ರಲೋಹವಾದ್ದರಿಂದ ತೇವಕ್ಕೆ ಉಬ್ಬಿ ಪುಡಿಯಾಗಿ ಕೊಳವೆಯಲ್ಲಿ ಕಚ್ಚಿಕೊಳ್ಳುತ್ತದೆ, ಆಮೇಲೆ ಅದನ್ನು ತಂತಿ ಹಾಕಿ ಕೆರೆದು ತೆಗೆಯುವುದು ಬಹಳ ತ್ರಾಸದ ಕೆಲಸ. ತೆಗೆದ ಕಲ್ಲನ್ನು ಒಣ ಕಾಗದದಲ್ಲಿ ಸುತ್ತಿ ಸ್ಪ್ರಿಂಗ್, ಸ್ಕ್ರೂಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ಬೇಕಾದಾಗ ಹುಡುಕುವ ಕೆಲಸವಿರುವುದಿಲ್ಲ.