ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೊಸದಾಗಿ ವಾಕಿಂಗ್ ಹೋಗೋರಿಗೆ
ಮೊದಲ ದಿನವೇ ಪೂರ್ತಿ ಸುತ್ತು ಹಾಕೋಕೆ ಹೋಗಬೇಡಿ. ಸುಮಾರು 5 ಕಿ.ಮೀ. ಇದೆ. ಅರ್ಧದಲ್ಲಿ ಸುಸ್ತಾದ್ರೆ ಮುಂದೆ ಹೋದ್ರೂ ಅಷ್ಟೇ ದೂರ, ವಾಪಸ್ ಬಂದ್ರೂ ಅಷ್ಟೇ. 15 ನಿಮಿಷ ನಡೆದು ಅದೇ ದಾರೀಲಿ ತಿರುಗಿ ಬನ್ನಿ, ವಾರಕ್ಕೆ 5 ನಿಮಿಷ ಏರಿಸಿದ್ರೆ ಸಾಕು. ಮೊಣಕಾಲ ಕೆಳಗೆ ಮುಂದಿನ ಮೂಳೆ ನೋಯ್ತಿದ್ರೆ ಸಾಮಾನ್ಯವಾಗಿ ದೂರ ಒಮ್ಮೆಲೇ ಜಾಸ್ತಿ ಆಗಿದೆ, ಇಲ್ಲಾ ಶೂ ಸವೆದಿದೆ. ಶೂ ಸಂಜೆ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತೆ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರ್ಲಿ.

ವೇಗಕ್ಕೆ ವಾಚ್ ಬೇಡ: ಜೊತೆಯವರ ಹತ್ರ ಮಾತಾಡೋಕಾಗಬೇಕು, ಹಾಡೋಕಾಗಬಾರದು.

ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳೋರು ಜೇಬಲ್ಲಿ ಸಕ್ಕರೆ ಪೊಟ್ಟಣ ಇಟ್ಕೊಳ್ಳಿ. ಕೈ ನಡುಗಿ ತಣ್ಣನೆ ಬೆವರು ಬಂದ್ರೆ ಶುಗರ್ ತೀರಾ ಇಳಿದಿರಬಹುದು, ಮೂರು ಟೀ ಚಮಚ ಸಕ್ಕರೆ ತಿಂದು 15 ನಿಮಿಷ ಕೂತ್ಕೊಳ್ಳಿ. 'ಮನೆ ಹತ್ರಾನೇ ಇದೆ' ಅಂತ ಎದ್ದು ನಡೆಯೋದು ಬೇಡ.

ಮಳೆ ಬಂದ ಮರುದಿನ ಮಣ್ಣುದಾರಿ ಜಾರುತ್ತೆ, ಅವತ್ತು ಹತ್ತಿರದ ಪಾರ್ಕೇ ವಾಸಿ.

ಹಕ್ಕಿ ನೋಡೋ ಆಸೆ ಇದ್ರೆ ಬೆಳಿಗ್ಗೆ ಪೂರ್ವದ ದಡದಲ್ಲಿ ನಿಲ್ಲಿ, ಬಿಸಿಲು ಬೆನ್ನಿಗೆ ಬೀಳುತ್ತೆ. ಹೆಜ್ಜಾರ್ಲೆ (ಪೆಲಿಕನ್) ಹತ್ತಿರ ಬಂದ್ರೆ ಮೇಲ್ಕೊಕ್ಕಿನ ಅಂಚಲ್ಲಿ ಸಾಲಾಗಿರೋ ಚುಕ್ಕಿನೂ ಕಾಣುತ್ತೆ. ಬ್ರೆಡ್ಡು, ಮಂಡಕ್ಕಿ ಎಸೀಬೇಡಿ, ನೀರು ಕೆಡುತ್ತೆ.