ಹಸುಗೂಸಿನ ಮೊದಲ 42 ದಿನ: ಹಾಲೂಡಿಸುವುದು ಮತ್ತು ಆರೈಕೆ

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಮನೆಗಳೇ ಹೆಚ್ಚು. ಹಸು ಈದ ಕೂಡಲೇ ಕರುವಿಗೆ ಗಿಣ್ಣು ಕುಡಿಸದಿದ್ದರೆ ಅದು ಉಳಿಯುವುದು ಕಷ್ಟ ಎಂಬುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಅಂಥದೇ ಮನೆಗಳಲ್ಲಿ ಮಗಳಿಗೆ ಹೆರಿಗೆಯಾದಾಗ, ಮೊದಲು ಇಳಿಯುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ನಾಲಿಗೆಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಸವರುವುದನ್ನು ನಾನು ಕಂಡಿದ್ದೇನೆ. ಆ ಹಳದಿ ಹಾಲು ಮನುಷ್ಯರ ಗಿಣ್ಣೇ. ಕೂಸಿನ ಕರುಳಿಗೆ ಮೊದಲ ರಕ್ಷಣೆ ಕೊಡುವ ರೋಗನಿರೋಧಕ ಅಂಶಗಳು ಅದರಲ್ಲಿ ತುಂಬಿರುತ್ತವೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ತಾಗಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕೂಸಿನ ನರಗಳನ್ನೇ ನಿಶ್ಚೇಷ್ಟಗೊಳಿಸಬಲ್ಲದು.

ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು. ಸಿಸೇರಿಯನ್ ಆಗಿದ್ದರೂ ತಾಯಿಗೆ ಎಚ್ಚರವಿದ್ದರೆ ಮತ್ತೊಬ್ಬರ ನೆರವಿನಿಂದ ಇದು ಸಾಧ್ಯ. ಮೊದಲ ದಿನ ಕೂಸಿನ ಹೊಟ್ಟೆ ಹಿಡಿಸುವುದು ಹೆಚ್ಚುಕಡಿಮೆ ಒಂದು ಟೀ ಚಮಚದಷ್ಟು ಹಾಲನ್ನು ಮಾತ್ರ. ಆದ್ದರಿಂದ ಆಗ ಬರುವ ಕೆಲವೇ ಹನಿಗಳು ಅದಕ್ಕೆ ಸಾಕು. ‘ಹಾಲೇ ಬಂದಿಲ್ಲ’ ಎಂದು ಗಾಬರಿಯಾಗಿ ಡಬ್ಬಿಯ ಹಾಲಿನ ಪುಡಿ ತಂದರೆ, ಹೊಟ್ಟೆ ತುಂಬಿದ ಕೂಸು ಎದೆ ಚೀಪುವುದಿಲ್ಲ, ಚೀಪದ ಎದೆಯಲ್ಲಿ ಹಾಲು ಹೆಚ್ಚುವುದಿಲ್ಲ. ಹೀಗೆ ಇಲ್ಲದ ಕೊರತೆಯನ್ನು ನಾವೇ ಉಂಟುಮಾಡಿದಂತಾಗುತ್ತದೆ. ಸಾಮಾನ್ಯವಾಗಿ ಎರಡರಿಂದ ಐದನೆಯ ದಿನದೊಳಗೆ ಹಾಲು ತುಂಬಿಕೊಳ್ಳುತ್ತದೆ.

ಹಾಲೂಡಿಸುವಾಗ ತಾಯಿ ಬೆನ್ನಿಗೆ ಒರಗು ಕೊಟ್ಟು ಕುಳಿತು, ತಾನು ಬಾಗದೆ ಕೂಸನ್ನೇ ಎದೆಯ ಬಳಿಗೆ ತಂದುಕೊಳ್ಳಬೇಕು. ಕೂಸಿನ ಹೊಟ್ಟೆ ತಾಯಿಯ ಮೈಗೆ ಒತ್ತಿಕೊಂಡಿದ್ದು, ತಲೆ ಮತ್ತು ಬೆನ್ನು ಒಂದೇ ನೇರದಲ್ಲಿರಬೇಕು. ತುಟಿಗೆ ತೊಟ್ಟು ಸೋಕಿಸಿದಾಗ ಕೂಸು ಬಾಯಿ ಅಗಲವಾಗಿ ತೆರೆಯುತ್ತದೆ. ಆ ಕ್ಷಣದಲ್ಲಿ ತೊಟ್ಟನ್ನಷ್ಟೇ ಅಲ್ಲದೆ ಅದರ ಸುತ್ತಲಿನ ಕಪ್ಪು ಭಾಗವನ್ನೂ ಬಾಯಿಯೊಳಗೆ ಇಡಬೇಕು. ಗದ್ದ ಎದೆಗೆ ತಾಗಿದ್ದು, ಕೆಳದುಟಿ ಹೊರಕ್ಕೆ ಮಡಚಿದ್ದು, ಕಪ್ಪು ಭಾಗ ಮೇಲ್ಗಡೆ ಮಾತ್ರ ಕೊಂಚ ಕಾಣುತ್ತಿದ್ದರೆ ಕೂಸು ಸರಿಯಾಗಿ ಹಿಡಿದಿದೆ ಎಂದರ್ಥ. ತೊಟ್ಟು ಬಿರಿದು ನೋಯುತ್ತಿದ್ದರೆ ಮುಲಾಮು ಹುಡುಕುವ ಮೊದಲು ಈ ಹಿಡಿತವನ್ನು ಸರಿಪಡಿಸಿ. ಹೆಚ್ಚಿನ ಬಾಣಂತಿಯರ ನೋವಿಗೆ ಕಾರಣ ಇದೇ. ಒಂದು ಎದೆ ಪೂರ್ತಿ ಬರಿದಾದ ಮೇಲೆ ಇನ್ನೊಂದಕ್ಕೆ ಬದಲಿಸಿ, ಏಕೆಂದರೆ ಕೊನೆಯಲ್ಲಿ ಬರುವ ಹಾಲಿನಲ್ಲಿ ಜಿಡ್ಡು ಹೆಚ್ಚು. ಬಳಿಕ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗಿಸಿ.

ಹಗಲು ರಾತ್ರಿ ಸೇರಿ 8ರಿಂದ 12 ಬಾರಿ ಹಾಲೂಡಿಸಬೇಕಾಗುತ್ತದೆ. ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಬಟ್ಟೆಯಿಂದ ಅಳೆಯಿರಿ: ಐದನೆಯ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ. ಮೊದಲ ವಾರ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರ ತುಂಬುವಷ್ಟರಲ್ಲಿ ಅದು ಹುಟ್ಟಿದಾಗಿನ ತೂಕಕ್ಕೆ ಮರಳಬೇಕು.

ಆರು ತಿಂಗಳವರೆಗೆ ನೀರು, ಬಜೆ, ಗ್ರೈಪ್ ವಾಟರ್, ಹಸುವಿನ ಹಾಲು ಯಾವುದೂ ಬೇಡ. ಏಪ್ರಿಲ್‌ನ ಬಿಸಿಲಿನಲ್ಲಿಯೂ ಎದೆಹಾಲಿನಲ್ಲಿರುವ ನೀರೇ ಸಾಕು. ನಮ್ಮ ಜಿಲ್ಲೆಗೆ ಇದು ಇನ್ನಷ್ಟು ಮುಖ್ಯವಾದ ಮಾತು. ಇಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ, ಅದು ಕುದಿಸಿದರೆ ಹೋಗುವುದಿಲ್ಲ. ತಾಯಿ ಕುಡಿಯುವ ನೀರಿನಲ್ಲಿ ಅದು ಇದ್ದರೂ ಎದೆಹಾಲಿಗೆ ಇಳಿಯುವುದು ತೀರಾ ಅತ್ಯಲ್ಪ. ವೈದ್ಯರೇ ಹೇಳಿ ಪುಡಿಯ ಹಾಲು ಕೊಡಬೇಕಾಗಿ ಬಂದರೆ, ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಕುದಿಸಿ ಬಳಸಿ.

ಕೂಸು ಚೀಪಲಾರದಷ್ಟು ಬಲಹೀನವಾಗಿದ್ದರೆ ಎದೆಹಾಲನ್ನು ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ಒಳಲೆ ತೊಳೆಯುವುದು ಸುಲಭ, ಬಾಟಲಿಯ ನಿಪ್ಪಲ್ಲಿನಂತೆ ಅದರಲ್ಲಿ ಕೊಳೆ ಅಡಗುವುದಿಲ್ಲ. ಆದರೂ ಪ್ರತಿ ಸಲ 10 ನಿಮಿಷ ಕುದಿಸಿ. ಹಿಂಡಿದ ಹಾಲನ್ನು ಮುಚ್ಚಿಟ್ಟು ನಾಲ್ಕು ಗಂಟೆಯೊಳಗೆ ಬಳಸಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸನ್ನು ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ ತಾಯಿಯ ಬರಿ ಎದೆಗೆ ಅವುಚಿ, ಮೇಲೆ ಬಟ್ಟೆ ಸುತ್ತಿ, ದಿನದಲ್ಲಿ ಆದಷ್ಟು ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕು. ತಂದೆಯೂ ಅಜ್ಜಿಯೂ ಸರದಿಯಂತೆ ಹಾಗೆ ಇಟ್ಟುಕೊಳ್ಳಬಹುದು.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಸೊಪ್ಪು ತಿಂದರೆ ಕೂಸಿಗೆ ಭೇದಿಯಾಗುತ್ತದೆ ಎಂಬ ಪಥ್ಯವನ್ನು ದಯವಿಟ್ಟು ಕೈಬಿಡಿ. ರಾಗಿಮುದ್ದೆ, ಬೇಳೆ ಹಾಕಿದ ಸೊಪ್ಪಿನ ಸಾರು, ಮೊಟ್ಟೆ, ಹಾಲು, ಬಾಯಾರಿದಾಗಲೆಲ್ಲ ನೀರು, ಇವು ಅವಳಿಗೆ ಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು.

ಸ್ನಾನವನ್ನು ಮೊದಲ 24 ಗಂಟೆ ಮುಂದೂಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೋಣೆ ಬೆಚ್ಚಗಿರಬೇಕೆಂಬುದು ಸರಿ, ಆದರೆ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು, ಸಾಂಬ್ರಾಣಿ ಹೊಗೆ ಹಿಡಿಸುವುದು ಕೂಸಿನ ಎಳೆಯ ಶ್ವಾಸಕೋಶಕ್ಕೆ ಅಪಾಯ. ಹೊಕ್ಕುಳಬಳ್ಳಿಗೆ ಬೂದಿ, ಎಣ್ಣೆ, ಅರಿಸಿನ ಏನನ್ನೂ ಹಚ್ಚದೆ ಒಣಗಲು ಬಿಟ್ಟರೆ ಎರಡು ವಾರದೊಳಗೆ ತಾನಾಗಿಯೇ ಉದುರುತ್ತದೆ. ಕಣ್ಣಿಗೆ ಕಾಡಿಗೆ ಬೇಡ. ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಟ್ಟರೆ ತೊಂದರೆಯಿಲ್ಲ. ಕೆಲವು ಕೂಸುಗಳ ಎದೆ ಊದಿಕೊಂಡು ಹಾಲಿನಂತೆ ಒಸರುತ್ತದೆ. ತಾಯಿಯ ಹಾರ್ಮೋನಿನಿಂದಾಗುವ ಇದು ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಮಲಗಿಸುವುದು ಯಾವಾಗಲೂ ಅಂಗಾತವಾಗಿ.

ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ತೂಕ, ಉಷ್ಣತೆ ನೋಡುತ್ತಾರೆ. ಬಾಣಂತನ ತವರಿನಲ್ಲಾದರೆ ಈ ಭೇಟಿಗಳು ತಪ್ಪಿಹೋಗಬಹುದು. ಬಂದ ದಿನವೇ ತವರೂರಿನ ಆಶಾಗೆ ತಿಳಿಸಿ. ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ ಮತ್ತು ಹೆಪಟೈಟಿಸ್ ಬಿ ಆಗಿವೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. ಮುಂದಿನ ಲಸಿಕೆ ಆರು ವಾರಕ್ಕೆ.

ಕೂಸು ಹಾಲು ಬಿಟ್ಟರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ, ಫಿಟ್ಸ್ ಬಂದರೆ, ಹೊಕ್ಕುಳ ಸುತ್ತ ಕೆಂಪಾದರೆ, ಮೈ 37.5 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅಥವಾ 35.5ಕ್ಕಿಂತ ಇಳಿದರೆ ಒಂದು ಗಂಟೆಯೂ ಕಾಯಬೇಡಿ. ಕಾಮಾಲೆ ಮೊದಲ ದಿನವೇ ಕಂಡರೂ, ಅಂಗೈ ಅಂಗಾಲಿಗೆ ಇಳಿದರೂ ಎಳೆಬಿಸಿಲು ಕಾಯಿಸುತ್ತಾ ಕೂರಬಾರದು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಮಗುವಿನ ಚಿಕಿತ್ಸೆ ಉಚಿತ. 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಕೈಯಲ್ಲಿರಲಿ. ದಾರಿಯುದ್ದಕ್ಕೂ ಕೂಸು ತಾಯಿಯ ಎದೆಗೆ ಅಂಟಿಕೊಂಡು ಬೆಚ್ಚಗಿರಲಿ, ಚೀಪುವ ಶಕ್ತಿಯಿದ್ದರೆ ಹಾಲೂಡಿಸುತ್ತಲೇ ಹೋಗಿ.