ಸ್ಪ್ಲೆಂಡರ್‌ನ ಮುಂದಿನ ಶಾಕ್ ನಾನೇ ಬಿಚ್ಚಿದ್ದು

ಅಪ್ಪ 2001ರಲ್ಲಿ ತಗೊಂಡ ಸ್ಪ್ಲೆಂಡರ್ ಈಗ ನನ್ನ ಕೈಲಿದೆ. ಎಂಜಿನ್ ಈಗಲೂ ಒಂದೇ ಕಿಕ್‌ಗೆ ಏಳುತ್ತದೆ. ಮುಂದಿನ ಶಾಕ್ ಮಾತ್ರ ಸತ್ತೇ ಹೋಗಿತ್ತು. ಕ್ಯಾತ್ಸಂದ್ರದ ಕಡೆ ಹಂಪ್ ಹಾರಿದರೆ ಟಣ್ ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಬ್ರೇಕ್ ಹಿಡಿದರೆ ಎತ್ತು ಮಂಡಿಯೂರಿದ ಹಾಗೆ ಗಾಡಿಯ ಮೂತಿ ಕೆಳಗಿಳಿಯುತ್ತಿತ್ತು. ಹೆಂಡತಿಯನ್ನು ಕೂರಿಸಿಕೊಂಡು ದೇವರಾಯನದುರ್ಗದ ಘಾಟಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಎದೆ ಢವಢವ.

ಮೊದಲು ಒಬ್ಬ ಮೆಕ್ಯಾನಿಕ್ ಮಾತು ಕೇಳಿದೆ. "ಎಂಜಿನ್ ಆಯಿಲ್ಲೇ ಹಾಕ್ಬಿಡಿ ಸ್ವಾಮಿ, ದಪ್ಪ ಇರ್ತೈತೆ, ಗಟ್ಟಿ ಆಗ್ತೈತೆ" ಅಂದ. 20ಡಬ್ಲ್ಯೂ40 ಹಾಕಿಸಿದೆ. ಗಟ್ಟಿಯೇನೋ ಆಯಿತು. ಆದರೆ ಗುಬ್ಬಿ ರೋಡಿನಲ್ಲಿ ಸಣ್ಣ ಜಲ್ಲಿ ಸಿಕ್ಕರೂ ಅಂಗೈ ಜುಂ ಅನ್ನತೊಡಗಿತು. ಸಾಲಾಗಿ ಗುಂಡಿ ಬಂದರೆ ಇನ್ನೂ ಕೆಟ್ಟದು. ಮುಂದಿನ ಚಕ್ರದ ಎರಡೂ ಬದಿಯ ಶಾಕ್ ಕೊಳವೆಗಳಿಗೇ ಫೋರ್ಕ್ ಅನ್ನುವುದು. ಅದರ ಒಳಗಿನ ರಾಡಿನ ಸಣ್ಣ ತೂತುಗಳಲ್ಲಿ ಆಯಿಲ್ ನುಗ್ಗಿ ಹೋಗಬೇಕು. ದಪ್ಪ ಆಯಿಲ್ ಬೇಗ ನುಗ್ಗುವುದಿಲ್ಲ. ಒಂದು ಗುಂಡಿಗೆ ಕುಗ್ಗಿದ ಫೋರ್ಕ್ ಪೂರ್ತಿ ಮೇಲೆ ಬರುವಷ್ಟರಲ್ಲಿ ಇನ್ನೊಂದು ಗುಂಡಿ ಬಂದಿರುತ್ತದೆ. ಹೀಗೆ ಇಳಿದು ಇಳಿದು ಕೊನೆಗೆ ಮತ್ತೆ ಅದೇ ಟಣ್.

ಆಮೇಲೆ ತಲೆಗೆ ಹೋಯಿತು. ಭಾರ ಹೊರುವುದು ಸ್ಪ್ರಿಂಗ್. ಆಯಿಲ್ ಕೆಲಸ ಕುಣಿತ ನಿಲ್ಲಿಸುವುದಷ್ಟೇ. ಸ್ಪ್ರಿಂಗ್ ಸೋತಿದ್ದರೆ ಎಂಥ ಆಯಿಲ್ ಹಾಕಿ ಏನು ಬಂತು?

ಹಾಗಾಗಿ ಬಿಚ್ಚುವ ಮೊದಲು ಅಳೆದೆ. ಫೋರ್ಕ್ ಪೈಪಿಗೆ ಒಂದು ಕೇಬಲ್ ಟೈ ಕಟ್ಟಿ, ಚಕ್ರ ಗಾಳಿಯಲ್ಲಿದ್ದಾಗ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲ್‌ವರೆಗೆ ತಳ್ಳಿದೆ. ಗಾಡಿ ಇಳಿಸಿ, ಮೆಲ್ಲಗೆ ಹತ್ತಿ ಕೂತು, ಅಷ್ಟೇ ಮೆಲ್ಲಗೆ ಇಳಿದೆ. ಮತ್ತೆ ಚಕ್ರ ಎತ್ತಿದಾಗ ಸೀಲಿಗೂ ಟೈಗೂ ನಡುವೆ ಎಷ್ಟು ಅಂತರವೋ ಅದು ನನ್ನ ಭಾರಕ್ಕೆ ಗಾಡಿ ಕುಸಿದ ಅಳತೆ. ಮಗಳು ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು "ಅಪ್ಪಾ, ನಲವತ್ತಾರು ಮಿಲಿಮೀಟರ್" ಅಂದಳು. ಆಮೇಲೆ ಸ್ಪ್ರಿಂಗ್ ತೆಗೆದು ಫೋರ್ಕ್ ಒತ್ತಿ ನೋಡಿದರೆ ಪೂರ್ತಿ ಓಟ, ಅಂದರೆ ಫೋರ್ಕ್ ಇಳಿಯಬಲ್ಲ ದೂರ, 105. ಅಂದರೆ ಸುಮ್ನೆ ಕೂತರೇ ಹತ್ತಿರ ಹತ್ತಿರ ಅರ್ಧ ಖಾಲಿ! ನಮ್ಮ ರಸ್ತೆಗಳಿಗೆ ಈ ಕುಸಿತ ಓಟದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು.

ಬಿಚ್ಚುವಾಗ ಒಂದು ಉಪಾಯ ನೆನಪಿಡಿ. ಫೋರ್ಕಿನ ತಳದ ಅಲೆನ್ ಬೋಲ್ಟನ್ನು ಸ್ಪ್ರಿಂಗ್ ಒಳಗಿರುವಾಗಲೇ ಸಡಿಲ ಮಾಡಿ. ಸ್ಪ್ರಿಂಗ್ ತೆಗೆದ ಮೇಲೆ ಒಳಗಿನ ರಾಡೂ ಬೋಲ್ಟ್ ಜೊತೆ ಗಿರಗಿರ ತಿರುಗುತ್ತದೆ. ಎಡಗಡೆಯದರಲ್ಲಿ ಇದನ್ನು ಮರೆತು ಅರ್ಧ ದಿನ ಹಾಳು ಮಾಡಿಕೊಂಡೆ.

ಹಳೇ ಆಯಿಲ್ ಬೂದು ಬಣ್ಣಕ್ಕೆ ತಿರುಗಿ ಮೀನಿನ ವಾಸನೆ ಹೊಡೆಯುತ್ತಿತ್ತು. ಬಲಗಡೆ ಪೈಪಿನ ಕ್ರೋಮ್ ಮೇಲೆ ಗಸಗಸೆ ಚೆಲ್ಲಿದ ಹಾಗೆ ತುಕ್ಕಿನ ಚುಕ್ಕಿ. ಉಗುರು ಆಡಿಸಿದರೆ ತಡೆಯುತ್ತಿತ್ತು. ಅಂಥ ಪೈಪಿಗೆ ಹೊಸ ಸೀಲ್ ಹಾಕಿದರೂ ಆ ಚುಕ್ಕಿಗಳೇ ಅದನ್ನು ಕೊರೆದು ಹಾಕುತ್ತವೆ. ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಉರುಳಿಸಿ ನೋಡಿದೆ. ಅಡಿಯಿಂದ ಬೆಳಕು ಇಣುಕಿತು. ಬೆಂಡೂ ಆಗಿದೆ ಅಂತಾಯಿತು. ಎರಡೂ ಪೈಪ್ ಹೊಸದೇ ತಂದೆ. ಸ್ಪ್ಲೆಂಡರ್‌ಗೆ ಪಾರ್ಟ್ಸ್ ಸಿಗದ ಊರು ಇದೆಯಾ?

ಹೊಸ ಸ್ಪ್ರಿಂಗ್ ಪಕ್ಕ ಹಳೇದು ಇಟ್ಟರೆ 9 ಮಿಲಿಮೀಟರ್ ಗಿಡ್ಡ. ಹೊಸದು ಹಾಕಿದ ಮೇಲೆ ಕುಸಿತ 38ಕ್ಕೆ ಬಂತು. ಅದರ ಮೇಲೆ ಪಿವಿಸಿ ಪೈಪಿನ 8 ಮಿಲಿಮೀಟರ್ ತುಂಡು ಕೂರಿಸಿದೆ. ಎರಡು ತುದಿಗೂ ವಾಷರ್ ಇಟ್ಟೆ. ಈಗ 30. ಈ ತುಂಡಿನಿಂದ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ, ಗಾಡಿ ಎತ್ತರಕ್ಕೆ ನಿಲ್ಲುತ್ತದೆ ಅಷ್ಟೇ. ಆಸೆಗೆ ಬಿದ್ದು ಜಾಸ್ತಿ ಉದ್ದ ಹಾಕಬೇಡಿ. ಫೋರ್ಕ್ ಪೂರ್ತಿ ಇಳಿಯುವ ಮೊದಲೇ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಿ ನಿಂತುಬಿಡುತ್ತವೆ.

ಸೀಲ್ ಹಾಕುವಾಗ ಪೈಪಿನ ತುದಿಗೆ ಹಾಲಿನ ಕವರ್ ಸುತ್ತಿ, ಮೇಲೆ ಆಯಿಲ್ ಸವರಿ ಜಾರಿಸಿದೆ. ತುದಿಯ ಅಂಚು ಹರಿತ, ಸೀಲಿನ ತುಟಿ ಹರಿದರೆ ಮುಗೀತು. ಹೊಸ ಸೀಲಿನ ಮೇಲೆ ಹಳೇ ಸೀಲ್ ಇಟ್ಟು, ಅದರ ಮೇಲೆ ಪಿವಿಸಿ ಪೈಪ್ ಇಟ್ಟು ಟಕ್ ಟಕ್ ಬಡಿದೆ. ನೆಟ್ಟಗೆ ಕೂತಿತು.

ಆಯಿಲ್ 10ಡಬ್ಲ್ಯೂ ಫೋರ್ಕ್ ಆಯಿಲ್ಲೇ. ಅಳತೆಗೆ ಮಗಳ ಹಳೇ ಫೀಡಿಂಗ್ ಬಾಟಲ್. ಆಯಿಲ್ ಜಾಸ್ತಿಯಾದರೆ ಮೇಲೆ ಗಾಳಿಗೆ ಜಾಗ ಇರುವುದಿಲ್ಲ, ಒತ್ತಡಕ್ಕೆ ಸೀಲೇ ಕಿತ್ತು ಬರುತ್ತದೆ. ಫೋರ್ಕಿನ ಎರಡು ಕಾಲಿನಲ್ಲೂ ಆಯಿಲ್ ಮಟ್ಟ ಒಂದೇ ಇರಬೇಕು. ಅದಕ್ಕೇ ಸ್ಪ್ರಿಂಗ್ ಇಲ್ಲದೆ, ಫೋರ್ಕ್ ಪೂರ್ತಿ ಒತ್ತಿ, ಮೇಲಿನ ತುದಿಯಿಂದ ಕಡ್ಡಿ ಇಳಿಸಿ ನೋಡಿದೆ.

ಜೋಡಿಸಿದ ಮೇಲೆ ಆಕ್ಸಲ್ ಪೂರ್ತಿ ಬಿಗಿ ಮಾಡಲಿಲ್ಲ. ಹ್ಯಾಂಡಲ್ ಹಿಡಿದು ಏಳೆಂಟು ಸಲ ಒತ್ತಿ ಬಿಟ್ಟೆ, ಎರಡು ಕಾಲೂ ತಾವೇ ನೇರವಾಗಲಿ ಅಂತ. ಆಮೇಲೆ ಬಿಗಿ ಮಾಡಿದೆ. ಇದನ್ನು ಬಿಟ್ಟರೆ ಹೊಸ ಫೋರ್ಕ್ ಕೂಡ ಹಿಡಿದು ಹಿಡಿದು ಆಡುತ್ತದೆ.

ಭಾನುವಾರ ಬೆಳಿಗ್ಗೆ ಹೆಂಡತಿಯೂ ನಾನೂ ನಾಮದ ಚಿಲುಮೆ ದಾಟಿ ದೇವರಾಯನದುರ್ಗ ಹತ್ತಿ ಇಳಿದೆವು. ಕೆಳಗೆ ಬಂದು, ಹೊಸ ಪೈಪಿಗೂ ಕಟ್ಟಿದ್ದ ಕೇಬಲ್ ಟೈ ನೋಡಿದೆ. ಪೂರ್ತಿ ಓಟಕ್ಕೆ ಇನ್ನೂ 14 ಮಿಲಿಮೀಟರ್ ಬಾಕಿ ಇತ್ತು. ಟೈ ಬಿಚ್ಚಿಲ್ಲ, ಅಲ್ಲೇ ಇದೆ. ಹೆಂಡತಿ ಈಗ ಹಿಂದಿನ ಶಾಕ್ ಬಗ್ಗೆ ಶುರು ಮಾಡಿದ್ದಾಳೆ.